ಚಿಕ್ಕಮಗಳೂರಲ್ಲಿ ಕೂತು ಹರ್ಷೀ ಬೇರ್ಸ್ ತಂಡವನ್ನು ಹಿಂಬಾಲಿಸುವ ಬಗೆ

ಐಸ್ ಹಾಕಿಯಲ್ಲಿ ಉತ್ತರ ಅಮೆರಿಕದ ಅತಿ ದೊಡ್ಡ ಲೀಗ್ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿರುವುದು ಅಮೆರಿಕನ್ ಹಾಕಿ ಲೀಗ್, ಎಎಚ್‌ಎಲ್. ಹೊಸಬರಿಗೆ ನಾವು ಹೇಳುವ ತಂಡ ಪೆನ್ಸಿಲ್ವೇನಿಯಾದ ಹರ್ಷೀ ಬೇರ್ಸ್. 1938ರಿಂದ ಇದೇ ಲೀಗಿನಲ್ಲಿದೆ, ಲೀಗಿನ ಚಾಂಪಿಯನ್ನರಿಗೆ ಸಿಗುವ ಕಾಲ್ಡರ್ ಕಪ್ಪನ್ನು 13 ಸಲ ಗೆದ್ದಿದೆ, 2023 ಮತ್ತು 2024ರಲ್ಲಿ ಸತತವಾಗಿ.

ಮೊದಲು ಗಡಿಯಾರ ಸರಿಮಾಡಿಕೊಳ್ಳಿ. ಅಲ್ಲಿ ಶನಿವಾರ ಸಂಜೆ 7ಕ್ಕೆ ಶುರುವಾಗುವ ಪಂದ್ಯ ನಮಗೆ ಭಾನುವಾರ ಬೆಳಗಿನ ಜಾವ. ಅಕ್ಟೋಬರಿನಲ್ಲಿ 4:30ಕ್ಕೆ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುವುದರಿಂದ ಆಮೇಲೆ 5:30. ಮಾರ್ಚ್ ಎರಡನೇ ಭಾನುವಾರದಿಂದ ಮತ್ತೆ 4:30. ಹೆಚ್ಚಿನವರು ತಪ್ಪುವುದು ದಿನಾಂಕದಲ್ಲಿ: ವೇಳಾಪಟ್ಟಿಯಲ್ಲಿ ಶನಿವಾರ ಎಂದಿದ್ದರೆ ಅಲಾರಂ ಭಾನುವಾರಕ್ಕೆ ಇಡಬೇಕು. ಕಾಫಿ ಕೊಯ್ಲಿನ ದಿನಗಳಲ್ಲಿ 5:30ರ ಪಂದ್ಯ ನೋಡಿ ಮುಗಿಸಿದರೆ ತೋಟಕ್ಕೆ ಹೊರಡುವುದು ತಡವಾಗುತ್ತದೆ. ಅಂಥ ದಿನ ಮೊದಲ ಅವಧಿಯ 20 ನಿಮಿಷದ ಆಟ ನೋಡಿ, ಉಳಿದದ್ದನ್ನು ಸಂಜೆ ನೋಡಿದರಾಯಿತು.

ವಿರಾಮಗಳು ಸೇರಿ ಪಂದ್ಯ ಸುಮಾರು ಎರಡೂವರೆ ಗಂಟೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಇದ್ದರೆ ಅದೊಂದರಲ್ಲೇ ಖಾಲಿಯಾಗಬಹುದು, ವಿಡಿಯೊ ಗುಣಮಟ್ಟವನ್ನು 480pಗೆ ಇಳಿಸಿಕೊಳ್ಳಿ. ಚಿತ್ರ ಮಸುಕಾದಾಗ ಪಕ್, ಅಂದರೆ ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ, ಕಾಣುವುದಿಲ್ಲ. ಅದನ್ನೇ ಹುಡುಕುತ್ತಾ ಕಣ್ಣು ನೋಯಿಸಿಕೊಳ್ಳಬೇಡಿ, ಆಟಗಾರರ ಭುಜ ಯಾವ ಕಡೆ ತಿರುಗುತ್ತಿದೆ ನೋಡಿ. ಪಕ್ ಅಲ್ಲೇ ಇರುತ್ತದೆ.

ಇನ್ನು ಅಸಲು ವಿಷಯ. ಬೇರ್ಸ್ ತಂಡದ ಪಟ್ಟಿಯನ್ನು ಒಮ್ಮೆ ಬಾಯಿಪಾಠ ಮಾಡಿ ಬಿಟ್ಟರೆ ಆಗದು, ಅದು ವಾರವಾರ ಬದಲಾಗುತ್ತದೆ. ಭಾರತ ತಂಡಕ್ಕೆ ಕರೆ ಬಂದ ಕೂಡಲೇ ಕರ್ನಾಟಕದ ರಣಜಿ ತಂಡದಿಂದ ಒಬ್ಬ ಹೊರಡುತ್ತಾನಲ್ಲ, ಇಲ್ಲಿ ಅದು ಋತುವಿಡೀ ನಡೆಯುತ್ತದೆ. ಬೇರ್ಸ್‌ನ ಮೇಲೆ ಅದರ ನಂಟಿನ ಎನ್‌ಎಚ್‌ಎಲ್ ತಂಡ ವಾಷಿಂಗ್ಟನ್ ಕ್ಯಾಪಿಟಲ್ಸ್, ಕೆಳಗೆ ಎಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್ ಇಸಿಎಚ್‌ಎಲ್‌ನ ಸೌತ್ ಕ್ಯಾರೊಲಿನಾ ಸ್ಟಿಂಗ್‌ರೇಸ್. ಕ್ಯಾಪಿಟಲ್ಸ್‌ನ ಗೋಲಿ (ಗೋಲ್‌ಕೀಪರ್) ಗಾಯಗೊಂಡರೆ ಹರ್ಷೀಯ ಗೋಲಿ ಮೇಲೆ ಹೋಗುತ್ತಾನೆ, ಆ ಜಾಗಕ್ಕೆ ಸ್ಟಿಂಗ್‌ರೇಸ್‌ನಿಂದ ಒಬ್ಬ ಬರಬಹುದು. ಹಾಗಾಗಿ ಪಂದ್ಯಕ್ಕೆ ಮುಂಚೆ ಮೂರೂ ತಂಡಗಳ ಆಟಗಾರರ ಅದಲುಬದಲಿನ ಪಟ್ಟಿ ಓದಿ. ‘ನೆನ್ನೆ ಗೆದ್ದವರು ಇವತ್ತೇಕೆ ಸೋತರು’ ಎಂಬುದಕ್ಕೆ ಉತ್ತರ ಬಹಳ ಸಲ ಅಲ್ಲೇ ಇರುತ್ತದೆ. ಕಣಕ್ಕಿಳಿಯುವ 18 ಸ್ಕೇಟರ್‌ಗಳಲ್ಲಿ (ಗೋಲಿ ಬಿಟ್ಟು ಉಳಿದ ಆಟಗಾರರಲ್ಲಿ) 13 ಮಂದಿ ಇನ್ನೂ ಹೆಚ್ಚು ವೃತ್ತಿಪರ ಪಂದ್ಯ ಆಡಿರದ, ಬೆಳೆಯುತ್ತಿರುವ ಆಟಗಾರರಾಗಿರಬೇಕೆಂಬ ನಿಯಮವೂ ಇದೆ. ಅನುಭವಿಗಳನ್ನೇ ತುಂಬಿಕೊಂಡು ಗೆಲ್ಲಲು ಬಿಡುವುದಿಲ್ಲ.

ಅಂಕಪಟ್ಟಿ ಸುಲಭ: ಗೆದ್ದರೆ 2, ಹೆಚ್ಚುವರಿ ಸಮಯದಲ್ಲೋ ಶೂಟೌಟಿನಲ್ಲೋ ಸೋತರೆ 1, ನಿಗದಿತ 60 ನಿಮಿಷದಲ್ಲೇ ಸೋತರೆ ಸೊನ್ನೆ.

ತಲೆ ಕೆಡಿಸುವುದು ಸ್ಕೋರ್ ಶೀಟು. ಬೇರ್ಸ್ 4-2ರಿಂದ ಸೋತರು ಎನ್ನಿ. ಗೋಲಿಯ ಸಾಲಿನಲ್ಲಿ 28 ಹೊಡೆತ, 25 ತಡೆ ಎಂದಿದೆ. ಹಾಗಾದರೆ ಮೂರೇ ಗೋಲು, ನಾಲ್ಕನೆಯದು ಎಲ್ಲಿ? ಕೊನೆಯ ನಿಮಿಷಗಳಲ್ಲಿ ಹಿಂದೆ ಬಿದ್ದ ತಂಡ ಗೋಲಿಯನ್ನು ಹೊರಗೆ ಕರೆದು ಆರನೇ ಸ್ಕೇಟರ್‌ನನ್ನು ಇಳಿಸುತ್ತದೆ. ಆಗ ಖಾಲಿ ಬಲೆಗೆ ಬಿದ್ದ ಗೋಲು ಗೋಲಿಯ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಎದುರಾಳಿಯ ಒಟ್ಟು ಹೊಡೆತ 29 ಆಗುತ್ತದೆ. ಗೋಲಿಯ ತಡೆ ಪ್ರಮಾಣ 25ನ್ನು 28ರಿಂದ ಭಾಗಿಸಿದಾಗ ಬರುವ 0.893.

ಪ್ಲಸ್-ಮೈನಸ್ ಕಾಲಮ್ಮೂ ಹೀಗೇ ದಾರಿ ತಪ್ಪಿಸುತ್ತದೆ. ಆಟಗಾರ ಕಣದಲ್ಲಿದ್ದಾಗ ತನ್ನ ತಂಡ ಗೋಲು ಹೊಡೆದರೆ ಅವನಿಗೆ ಪ್ಲಸ್, ಎದುರಾಳಿ ಹೊಡೆದರೆ ಮೈನಸ್. ಎರಡು ಗೋಲು ಹೊಡೆದವನ ಮುಂದೆ ಸೊನ್ನೆ ಕಂಡರೆ ಆ ಎರಡೂ ಪವರ್ ಪ್ಲೇಯಲ್ಲಿ ಬಂದಿರಬಹುದು. ಎದುರಾಳಿಯ ಒಬ್ಬ ದಂಡನೆಗೆ ಹೊರಗೆ ಕೂತಾಗ, ಅಂದರೆ ಪವರ್ ಪ್ಲೇಯಲ್ಲಿ, ಗೋಲು ಹೊಡೆದರೆ ಪ್ಲಸ್ ಸಿಗುವುದಿಲ್ಲ. ಆ ಒಂದು ಅಂಕಿ ನೋಡಿ ಹುಡುಗನನ್ನು ತೆಗೆದುಹಾಕಬೇಡಿ, ಯಾವ ಗೋಲು ಯಾವ ಹೊತ್ತಿಗೆ ಬಿತ್ತು ಎಂದು ಶೀಟಿನ ಮೇಲ್ಭಾಗದಲ್ಲಿ ನೋಡಿಕೊಳ್ಳಿ.