ಮಳೆ ನಿಂತ ಮೇಲೆ ಸಂಡೂರು, ಆನೆಗುಂದಿ: ನಡೆದು ನೋಡುವ ಟ್ರಿಪ್ ಹೀಗೆ ಹಾಕಿಕೊಳ್ಳಿ

ಅಕ್ಟೋಬರ್ ಬಂತೆಂದರೆ ಮೊಬೈಲ್ ತುಂಬ ಕಾಶ್ಮೀರದ ಚಿನಾರ್ ಮರಗಳ ಕೆಂಪು ಫೋಟೊಗಳೇ. ನೋಡಲು ಚೆಂದ, ಇಲ್ಲ ಅನ್ನಲ್ಲ. ಆದರೆ ಅದೇ ಲೆಕ್ಕ ಹಿಡಿದು ನಮ್ಮ ಬಳ್ಳಾರಿ, ಕೊಪ್ಪಳ ಕಡೆ ಕೆಂಪೆಲೆ ಹುಡುಕಿದರೆ ಸಿಗುವುದಿಲ್ಲ. ಕಾಶ್ಮೀರದಲ್ಲಿ ಎಲೆ ಬಣ್ಣ ತಿರುಗುವುದು ಚಳಿಗೆ, ಹಗಲು ಗಿಡ್ಡವಾಗುವುದಕ್ಕೆ. ನಮ್ಮಲ್ಲಿ ಮರ ಎಲೆ ಉದುರಿಸುವುದು ನೆಲದ ತೇವ ಆರಿದಾಗ. ಹಾಗಾಗಿ ಇಲ್ಲಿ ಟ್ರಿಪ್ ಹಾಕುವವರು ಕ್ಯಾಲೆಂಡರ್‌ಗಿಂತ ಮೊದಲು ಮಳೆ ನೋಡಬೇಕು.

ಮೊದಲು ಯಾವ ಬಣ್ಣ ಬೇಕು ಅಂತ ತೀರ್ಮಾನ ಮಾಡಿ. ಗುಡ್ಡ ತುಂಬ ಹಸಿರು ಬೇಕಾದರೆ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮುಗಿಯುವ ತನಕ ಸಂಡೂರು. 1934ರಲ್ಲಿ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂದಿದ್ದರಂತೆ; ಊರಿನವರು ಈಗಲೂ ಅದನ್ನು ಹೇಳಿಕೊಳ್ಳುತ್ತಾರೆ. ಮಾಗಿದ ಭತ್ತದ ಹಳದಿ ಬೇಕಾದರೆ ನವೆಂಬರ್, ಗಂಗಾವತಿ ಸೀಮೆ. ಇಲ್ಲ, ಎಲೆಯೇ ಕೆಂಪಾಗಬೇಕು ಅಂತ ಹಟ ಇದ್ದರೆ ಜನವರಿವರೆಗೆ ಕಾಯಿರಿ, ದಿಂಡಿಗದ ಮರಗಳು ಉದುರುವ ಮುಂಚೆ ತಾಮ್ರದ ಬಣ್ಣಕ್ಕೆ ಬರುತ್ತವೆ, ಅದಾದ ಮೇಲೆ ಫೆಬ್ರುವರಿ-ಮಾರ್ಚ್‌ನಲ್ಲಿ ಬೋಳು ಮುತ್ತುಗದ ಮೇಲೆ ಕೇಸರಿ ಹೂವು. ನನ್ನ ಓಟು ಅಕ್ಟೋಬರ್ ಕೊನೆಗೆ. ಆಗ ಗುಡ್ಡವೂ ಹಸಿರು, ಗದ್ದೆಯಲ್ಲಿ ತೆನೆಯೂ ಬಾಗಿರುತ್ತದೆ, ಜೊತೆಗೆ ದಸರಾ ರಜೆಯ ಗದ್ದಲ ಮುಗಿದಿರುತ್ತದೆ.

ಆಮೇಲೆ ತಂಗುವ ಊರು. ದಿನಕ್ಕೊಂದು ಲಾಡ್ಜ್ ಬದಲಿಸಿ ಸುಮ್ನೆ ಬ್ಯಾಗ್ ಹೊರಬೇಡಿ. ಸಂಡೂರಿನಲ್ಲಿ ಎರಡು ರಾತ್ರಿ, ಗಂಗಾವತಿ ಸೀಮೆಯಲ್ಲಿ ತುಂಗಭದ್ರಾ ದಂಡೆಯ ಆನೆಗುಂದಿಯಲ್ಲಿ ಒಂದು ರಾತ್ರಿ ಸಾಕು. ರೈಲಿಗೆ ಬರುವವರು ಹೊಸಪೇಟೆಯಲ್ಲಿ ಇಳಿಯಿರಿ, ಅಲ್ಲಿಂದ ಸಂಡೂರು ಸುಮಾರು 30 ಕಿಲೋಮೀಟರ್, ಬಸ್ ಇದೆ.

ಸಂಡೂರಿನ ಮೊದಲ ಬೆಳಗ್ಗೆ ಪಕ್ಕದ ಕೃಷ್ಣಾನಗರಕ್ಕೆ ಇಡಿ. ಸಣ್ಣ ಹಳ್ಳಿ, ಹಳೇ ಕೋಟೆ, ಸುತ್ತ ಗುಡ್ಡದ ಸಾಲು. ಏರು ಇಲ್ಲ, ಅಜ್ಜಿಯನ್ನೂ ಕರೆದುಕೊಂಡು ಹೋಗಬಹುದು. ದಾರಿ ಬದಿಯ ತಂಗಡಿ ಗಿಡದ ಹಳದಿ ಹೂವು ನೋಡುತ್ತಾ ನಡೆಯಿರಿ. ಕೆಂಗಂದು ಕಲ್ಲೊಂದನ್ನು ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ ಇರುತ್ತದೆ, ಕಬ್ಬಿಣದ ಅದಿರು ಅದು. ಇದೇ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಮಾತ್ರ ನಡೆಯಬೇಡಿ. ಅಲ್ಲಿ ಎಲೆಗಳ ಮೇಲೆಲ್ಲಾ ಕೆಂಪು ಧೂಳು ಕೂತಿರುತ್ತದೆ, ಒಂದು ಒಳ್ಳೆ ಮಳೆ ಬಿದ್ದು ತೊಳೆದರಷ್ಟೇ ಹಸಿರು ಕಾಣುವುದು. ಟ್ರಿಪ್‌ಗೆ ಮಳೆಯ ಬೆನ್ನಲ್ಲೇ ಬನ್ನಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಕುಮಾರಸ್ವಾಮಿ ಬೆಟ್ಟಕ್ಕೆ ಬುಡದಿಂದ ನಡೆಯುವ ಸಾಹಸ ಬೇಡ. ಮೇಲೆ ಗುಡಿಯ ತನಕ ವಾಹನ ಹೋಗುತ್ತದೆ. ಮೇಲೆ ಇಳಿದು ಕುಮಾರಸ್ವಾಮಿ, ಪಾರ್ವತಿ ಗುಡಿ ನೋಡಿ, ಹರಿಶಂಕರ ತೀರ್ಥದ ಕಡೆ ನೆರಳಲ್ಲಿ ಸುತ್ತಾಡಿ. ಸಂಜೆ ನಾರಿಹಳ್ಳ ಜಲಾಶಯ. ಈ ಹಳ್ಳ ಗುಡ್ಡದ ಸಾಲನ್ನು ಸೀಳಿಕೊಂಡು ಹರಿಯುವ ಜಾಗಗಳಿಗೇ ಓಬಳಗಂಡಿ, ಭೀಮಗಂಡಿ ಅನ್ನುವುದು. ಒಂದು ಮಾತು ನೆನಪಿರಲಿ: ಪಕ್ಕದ ದರೋಜಿಯಲ್ಲಿ ಕರಡಿಧಾಮ ಇದೆ ಅಂದರೆ ಕರಡಿಗಳು ಅಲ್ಲಿಗಷ್ಟೇ ಸೀಮಿತ ಅಂತಲ್ಲ. ನಸುಕಿನಲ್ಲಿ, ಕತ್ತಲಾದ ಮೇಲೆ ಗುಡ್ಡದ ಕಾಲುದಾರಿ ಹಿಡಿಯಬೇಡಿ. ಕಾಡಿನೊಳಗೇ ಹೋಗಬೇಕೆಂದರೆ ಅರಣ್ಯ ಇಲಾಖೆಯಲ್ಲಿ ಕೇಳಿಯೇ ಹೋಗಿ.

ಎರಡನೇ ದಿನ ಅರ್ಧ ಹೊತ್ತನ್ನು ಸುಶೀಲಾನಗರದ ಲಂಬಾಣಿ ತಾಂಡಾಕ್ಕೆ ಕೊಡಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಕೂತು ಹೊಲಿಯುವುದನ್ನು ನೋಡಿದರೆ, ಒಂದು ಪುಟ್ಟ ಕನ್ನಡಿಯ ಸುತ್ತ ದಾರ ಎಷ್ಟು ಸಲ ಸುತ್ತಿ ಬರುತ್ತದೆ ಅಂತ ಗೊತ್ತಾಗಿ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ಕೊಳ್ಳುವುದಿದ್ದರೆ ಸಂಡೂರು ಕುಶಲ ಕಲಾ ಕೇಂದ್ರವೂ ಇದೆ. ಫೋಟೊ ತೆಗೆಯುವ ಮುಂಚೆ ಅಕ್ಕಂದಿರನ್ನು ಕೇಳಿ. ಊಟಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಸಂಜೆಗೆ ಒಗ್ಗರಣೆ-ಮಿರ್ಚಿ, ಇದನ್ನು ನಾನು ಹೇಳಬೇಕಾ?

ಮೂರನೇ ದಿನ ಹೊಸಪೇಟೆ, ಕಮಲಾಪುರ, ಬುಕ್ಕಸಾಗರ ದಾಟಿ ಸೇತುವೆ ಮೇಲೆ ಕಡೆಬಾಗಿಲಿಗೆ ಬಂದರೆ ಆನೆಗುಂದಿ ಸಿಕ್ಕೇಬಿಟ್ಟಿತು. ವಾರಾಂತ್ಯವಾದರೆ ಕೋಣೆ ಮೊದಲೇ ಬುಕ್ ಮಾಡಿ. ಹಳೇ ಅರಮನೆ ಗಗನ್ ಮಹಲ್‌ನಿಂದ ಹೊಳೆ ದಂಡೆಗೆ, ಅಲ್ಲಿಂದ ಗದ್ದೆ ಬದಿಗೆ ನಡೆದರೆ ಬೆಳಗಿನ ಹೊತ್ತು ಆರಾಮಾಗಿ ಕಳೆಯುತ್ತದೆ. ಬದುವಿನ ಮೇಲೆ ಕಾಲಿಡುವ ಮುಂಚೆ ರೈತರಿಗೆ ಒಂದು ಮಾತು ಹೇಳಿ, ಕಾಲಿಗೆ ಶೂ ಇರಲಿ, ಹಾವು ಇರುತ್ತವೆ. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರೆ ಹೊಳೆ ನಡುಗಡ್ಡೆಯ ನವಬೃಂದಾವನಕ್ಕೆ ಹೋಗುವ ಬೋಟ್ ನಿಲ್ಲಿಸುತ್ತಾರೆ, ಅದನ್ನೇ ನಂಬಿ ದಿನ ಖಾಲಿ ಇಡಬೇಡಿ. ಅಂಜನಾದ್ರಿಗೆ ಐನೂರಕ್ಕೂ ಜಾಸ್ತಿ ಮೆಟ್ಟಿಲು, ಮಂಡಿ ನೋವಿನವರು ಕೆಳಗಿಂದಲೇ ಕೈ ಮುಗಿಯಿರಿ. ಹಿರೇಬೆಣಕಲ್‌ನ ಮೋರೇರ ಗುಡ್ಡದಲ್ಲಿರುವ ಕಲ್ಲುಚಪ್ಪಡಿಯ ಸಮಾಧಿಗಳು ನೋಡಲೇಬೇಕಾದವು, ಆದರೆ ಏರು ಬಂಡೆಯ ದಾರಿ, ನೆರಳು ಕಮ್ಮಿ. ಗಟ್ಟಿಮುಟ್ಟಾಗಿರುವವರು ನೀರು ಹೊತ್ತು, ಊರಿನ ಹುಡುಗರೊಬ್ಬರನ್ನು ಜೊತೆ ಮಾಡಿಕೊಂಡು ಬೆಳಗ್ಗೆಯೇ ಹೋಗಿ.

ಅಕ್ಟೋಬರ್‌ನಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಟ್ರಿಪ್ ಕ್ಯಾನ್ಸಲ್ ಮಾಡಬೇಡಿ, ದಿನ ಅದಲು ಬದಲು ಮಾಡಿ. ಗದ್ದೆ ಕಡೆಯ ಎರೆಮಣ್ಣು ಮಳೆ ಬಿದ್ದ ಮೇಲೆ ಶೂಗೆ ಹತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಸಂಡೂರಿನ ಕಲ್ಲುನೆಲ ಬೇಗ ಆರುತ್ತದೆ. ಮಳೆ ಬಿದ್ದ ಮರುದಿನ ಸಂಡೂರಿಗೆ ಹೋಗಿ, ಆನೆಗುಂದಿಯನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳಿ.