ಡಬ್ಬ ತೆರೆದರೆ ಮೊದಲು ಮೂಸಿ: ಫಿಲ್ಮ್ ಪ್ರಿಂಟ್ ಕೂಡಿಸಿ ಮನೆಯಲ್ಲಿ ಸಿನಿಮಾ ತೋರಿಸುವ ನನ್ನ ಅನುಭವ

ಹಳೆಯ ಪ್ರಿಂಟ್ (ಪ್ರೊಜೆಕ್ಟರಿನಲ್ಲಿ ಓಡಿಸುವ ಸಿನಿಮಾ ರೀಲಿನ ಪ್ರತಿ) ಕೊಳ್ಳುವಾಗ ನಾನು ಮೊದಲು ಮಾಡೋ ಕೆಲಸ ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡುವುದು. ಮಾರುವವರು ಕೆಲವೊಮ್ಮೆ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ವಿನೆಗರ್‌ನಂಥ ಹುಳಿ ವಾಸನೆ ಮೂಗಿಗೆ ಬಡಿದರೆ ಸಿನಿಮಾ ಎಷ್ಟೇ ಅಪರೂಪದ್ದಾಗಿರಲಿ, ಮುಚ್ಚಳ ಹಾಕಿ ವಾಪಸ್ ಕೊಡುತ್ತೇನೆ. ಅಸಿಟೇಟ್ ಅನ್ನೋ ಪ್ಲಾಸ್ಟಿಕ್ಕಿನ ಫಿಲ್ಮ್ ಕೆಡಲು ಶುರುವಾದರೆ ಅದರಿಂದ ಅಸಿಟಿಕ್ ಆಮ್ಲ ಹೊರಬರುತ್ತದೆ, ಆ ಆಮ್ಲವೇ ಕೆಡುವುದನ್ನು ಇನ್ನೂ ಜೋರು ಮಾಡುತ್ತದೆ. ಹಾಗಾಗಿ ಒಮ್ಮೆ ಹಿಡಿದರೆ ನಿಲ್ಲಿಸೋಕೆ ಆಗಲ್ಲ. ತಣ್ಣಗಿರುವ, ತೇವ ಇಲ್ಲದ ಜಾಗದಲ್ಲಿಟ್ಟು ನಿಧಾನ ಮಾಡಬಹುದು, ಅಷ್ಟೇ. ಪಕ್ಕದಲ್ಲಿಟ್ಟ ಒಳ್ಳೆಯ ಪ್ರಿಂಟಿಗೂ ಆ ಆವಿ ತಗಲುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ನಾನು ಪ್ರಿಂಟ್ ಕೂಡಿಸೋದು ತೋರಿಸೋಕೆ. ಕಪಾಟಿನಲ್ಲಿ ಡಬ್ಬಗಳ ಸಾಲು ಚೆನ್ನಾಗಿ ಕಾಣುತ್ತೆ ಅಂತ ತುಂಬಿಸಿಟ್ಟುಕೊಳ್ಳುವವರೂ ಇದ್ದಾರೆ, ಅದು ಅವರ ಖುಷಿ. ನನಗೆ ಮಾತ್ರ ಪ್ರೊಜೆಕ್ಟರಿನಲ್ಲಿ ಓಡದ ಪ್ರಿಂಟಿಗೆ ಮನೆಯಲ್ಲಿ ಜಾಗ ಇಲ್ಲ.

ಅಳತೆಯ ವಿಷಯ ಬೇಗ ಮುಗಿಸ್ತೀನಿ. ಮನೆಗೆ 16 ಎಂಎಂ ಸಾಕು. 35 ಎಂಎಂನ 2000 ಅಡಿ ರೀಲು ಓಡೋದು 22 ನಿಮಿಷ. ಎರಡು ಗಂಟೆಯ ಸಿನಿಮಾ ಅಂದರೆ ಅಂಥ ಆರು ರೀಲು, ಅದನ್ನು ಎತ್ತಿಡೋದೇ ಒಂದು ಕೆಲಸ. ಅದೇ 16 ಎಂಎಂನಲ್ಲಿ 1600 ಅಡಿ ರೀಲು 44 ನಿಮಿಷ ಬರುತ್ತದೆ, ಮೂರು ರೀಲಿನಲ್ಲಿ ಸಿನಿಮಾ ಮುಗಿಯುತ್ತದೆ. 8 ಎಂಎಂ ಮತ್ತು ಸೂಪರ್ 8 ಕೂಡ ಚೆಂದವೇ, ಆದರೆ ಅದರಲ್ಲಿ ಸಿಗುವ ಸಿನಿಮಾಗಳು ಬಹಳಷ್ಟು ಕತ್ತರಿಸಿ ಚಿಕ್ಕದು ಮಾಡಿದವು. ನನಗೆ ಪೂರ್ತಿ ಸಿನಿಮಾ ಬೇಕು.

16 ಎಂಎಂಗೆ ಇನ್ನೊಂದು ಅನುಕೂಲ ಇದೆ. ಕೊಡಾಕ್ 1923ರಲ್ಲಿ ಅದನ್ನು ತಂದಿದ್ದೇ ಮನೆಯ ಬಳಕೆಗೆ, ಸುಲಭವಾಗಿ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮಿನ ಮೇಲೆ. ಆದರೆ 1950ರ ದಶಕದ ಆರಂಭದವರೆಗಿನ 35 ಎಂಎಂ ಫಿಲ್ಮ್ ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಆಗಿರಬಹುದು. ನೈಟ್ರೇಟ್ ಒಮ್ಮೆ ಹೊತ್ತಿಕೊಂಡರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುತ್ತದೆ, ನೀರಿನಲ್ಲಿ ಮುಳುಗಿಸಿದರೂ ಆರಲ್ಲ. ಅಂಥದ್ದು ಕೈಗೆ ಸಿಕ್ಕರೆ ಓಡಿಸಿ ನೋಡೋಣ ಅಂತ ಆಸೆ ಪಡಬೇಡಿ. ಫಿಲ್ಮ್ ಆರ್ಕೈವ್‌ನವರನ್ನು ಅಥವಾ ಅಗ್ನಿಶಾಮಕದವರನ್ನು ಕೇಳಿ.

ವಾಸನೆ ಪರೀಕ್ಷೆ ಪಾಸಾದರೆ ಆಮೇಲೆ ಕಣ್ಣಿನ ಕೆಲಸ. ನಾಲ್ಕಾರು ಅಡಿ ಬಿಚ್ಚಿ ಬೆಳಕಿಗೆ ಹಿಡಿಯುತ್ತೇನೆ. ಈಸ್ಟ್‌ಮನ್ ಕಲರ್ ಪ್ರಿಂಟ್‌ಗಳು, ಅದರಲ್ಲೂ 50ರಿಂದ 70ರ ದಶಕದವು, ಹೆಚ್ಚಾಗಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತವೆ. ಅವುಗಳಲ್ಲಿ ಸಯಾನ್ ಅನ್ನೋ ಹಸಿರು-ನೀಲಿ ಬಣ್ಣ ಮೊದಲು ಮಾಸುತ್ತದೆ, ಮಜೆಂಟಾ ಅನ್ನೋ ಗಾಢ ಗುಲಾಬಿ ಉಳಿದುಕೊಳ್ಳುತ್ತದೆ. ಆಕಾಶವೂ ಗುಲಾಬಿ, ಹುಲ್ಲೂ ಗುಲಾಬಿ. 80ರ ದಶಕದಲ್ಲಿ ಬಂದ ಕಡಿಮೆ ಮಾಸುವ ಫಿಲ್ಮು ಇದಕ್ಕಿಂತ ಎಷ್ಟೋ ಮೇಲು. ಬಣ್ಣಗಳನ್ನು ಒಂದೊಂದಾಗಿ ಅಚ್ಚೊತ್ತುತ್ತಿದ್ದ ಹಳೆಯ ಟೆಕ್ನಿಕಲರ್ ಪ್ರಿಂಟ್ ಸಿಕ್ಕರಂತೂ ಅದೃಷ್ಟ, ಅದು ಮಾಸುವುದೇ ಇಲ್ಲ ಅನ್ನಬಹುದು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳೋದು ಕಪ್ಪು-ಬಿಳುಪು ಕೊಳ್ಳಿ ಅಂತ. ಅದರಲ್ಲಿರೋದು ಬೆಳ್ಳಿ, ಬಣ್ಣ ಹೋಗುವ ತಲೆನೋವೇ ಇಲ್ಲ.

ಗೀರುಗಳನ್ನೂ ಓದಲು ಕಲಿಯಬೇಕು. ಹೊಳೆಯುವ ಬೆನ್ನಿನ ಕಡೆ ಬಿದ್ದ ಗೀರು ಪರದೆಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ, ಹಗುರವಾಗಿದ್ದರೆ ಸಹಿಸಿಕೊಳ್ಳಬಹುದು. ಬಣ್ಣದ ಪ್ರಿಂಟಿನಲ್ಲಿ ಹಸಿರು ಗೆರೆ ಕಂಡರೆ ಚಿತ್ರ ಇರುವ ಪದರ, ಅಂದರೆ ಎಮಲ್ಶನ್ನೇ ಕಿತ್ತಿದೆ ಅಂತ ಅರ್ಥ. ಮೇಲಿನ ಮಜೆಂಟಾ ಪದರ ಹೋಗಿ ಕೆಳಗಿನ ಎರಡು ಉಳಿದಾಗ ಹಸಿರು. ಇನ್ನೂ ಆಳಕ್ಕೆ ಹೋದರೆ ಹಳದಿ, ಪೂರ್ತಿ ಹೋದರೆ ಬಿಳಿ. ಅದಕ್ಕೆ ಮದ್ದಿಲ್ಲ.

ಕೊನೆಗೆ ಕುಗ್ಗಿದೆಯಾ ಅಂತ ನೋಡಬೇಕು. ಇದಕ್ಕೆ ದುಬಾರಿ ಸಾಧನ ಬೇಡ. ಹೊಸ ಲೀಡರ್ ಫಿಲ್ಮನ್ನು (ರೀಲಿನ ತುದಿಗೆ ಹಚ್ಚುವ ಖಾಲಿ ಫಿಲ್ಮ್) ಮೇಜಿನ ಮೇಲೆ ಹಾಸಿ, ಅದರ ಪಕ್ಕ ಹಳೆಯ ಪ್ರಿಂಟ್ ಇಟ್ಟು, ಎರಡರ ಮೊದಲ ತೂತನ್ನೂ ಸರಿಯಾಗಿ ಹೊಂದಿಸಿ ನೂರು ತೂತು ಎಣಿಸುತ್ತೇನೆ. ನೂರನೆಯ ಹತ್ತಿರ ಒಂದು ತೂತಿನಿಂದ ಮುಂದಿನ ತೂತಿನವರೆಗಿನ ಅಂತರದಷ್ಟು ವ್ಯತ್ಯಾಸ ಬಂದರೆ ಶೇ. 1ರಷ್ಟು ಕುಗ್ಗಿದೆ ಅಂತಾಯ್ತು. ಅಷ್ಟು ಕುಗ್ಗಿದ್ದನ್ನು ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಗಳು ತೂತನ್ನು ಹರಿದುಬಿಡುತ್ತವೆ. ಅದರ ಅರ್ಧದಷ್ಟಾದರೆ ಹುಷಾರಾಗಿ ಓಡಿಸಬಹುದು.

ಪ್ರಿಂಟ್ ಮನೆಗೆ ಬಂದ ಮೇಲೆ ನೇರ ಪ್ರೊಜೆಕ್ಟರಿಗೆ ಏರಿಸುವ ಹಾಗಿಲ್ಲ. ಮೇಜಿಗೆ ಕೈಯಿಂದ ರೀಲು ಸುತ್ತುವ ಎರಡು ರಿವೈಂಡರ್ ಕಚ್ಚಿಸಿಟ್ಟಿದ್ದೇನೆ. ಹತ್ತಿಯ ಕೈಗವಸು ಹಾಕಿಕೊಂಡು, ಫಿಲ್ಮಿನ ಎರಡೂ ಅಂಚು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸಾಗುವ ಹಾಗೆ ಹಿಡಿದು, ನಿಧಾನಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುತ್ತುತ್ತೇನೆ. ಕಣ್ಣಿಗಿಂತ ಬೆರಳು ಚುರುಕು. ಅಂಚಿನಲ್ಲಿ ಸಣ್ಣ ಸೀಳಿದ್ದರೂ ಗವಸಿಗೆ ಸಿಕ್ಕಿಕೊಳ್ಳುತ್ತದೆ, ತುಂಡುಗಳನ್ನು ಅಂಟಿಸಿದ ಹಳೆಯ ಜೋಡಣೆ ಸಡಿಲವಾಗಿದ್ದರೆ ಬಾಗಿದ ಕೂಡಲೇ ಗೊತ್ತಾಗುತ್ತದೆ. ಸಿಕ್ಕಲ್ಲಿ ನಿಲ್ಲಿಸಿ, ಫಿಲ್ಮ್ ಜೋಡಿಸುವ ಸ್ಪ್ಲೈಸರಿನಲ್ಲಿ ಕೂರಿಸಿ, ಎರಡೂ ಕಡೆ ಟೇಪ್ ಹಾಕಿ ಒತ್ತಿ, ತೂತುಗಳು ಮುಚ್ಚಿಲ್ಲ ತಾನೇ ಅಂತ ನೋಡಿ ಮುಂದೆ ಹೋಗುತ್ತೇನೆ. ಇದು ಸಂಜೆಯಿಡೀ ಹಿಡಿಯೋ ಕೆಲಸ. ಬೇಜಾರು ಅನ್ನೋರಿಗೆ ಈ ಹವ್ಯಾಸ ಒಗ್ಗಲ್ಲ, ಸುಮ್ನೆ ಡಿಸ್ಕ್ ಹಾಕಿ ನೋಡಿ.

ಪಾಲಿಯೆಸ್ಟರ್ ಅನ್ನೋ ಇನ್ನೊಂದು ಪ್ಲಾಸ್ಟಿಕ್ಕಿನ ಪ್ರಿಂಟಿಗೆ ಫಿಲ್ಮ್ ಸಿಮೆಂಟ್ ಅನ್ನೋ ಅಂಟು ಹಿಡಿಯುವುದಿಲ್ಲ, ಟೇಪೇ ಗತಿ. ಯಾವುದು ಅಂತ ಗೊತ್ತಾಗದಿದ್ದರೆ ಸುತ್ತಿದ ರೀಲನ್ನು ಬದಿಯಿಂದ ದೀಪಕ್ಕೆ ಹಿಡಿಯಿರಿ: ಬೆಳಕು ಒಳಗಿಂದ ಹಾದು ಬಂದರೆ ಪಾಲಿಯೆಸ್ಟರ್, ಕಪ್ಪಾಗಿ ನಿಂತರೆ ಅಸಿಟೇಟ್. ಪಾಲಿಯೆಸ್ಟರ್ ಹರಿಯೋದಿಲ್ಲ, ಕೇಳೋಕೆ ಒಳ್ಳೆಯದೇ ಅನ್ನಿಸುತ್ತೆ ಅಲ್ವಾ? ಎಲ್ಲಾದರೂ ಸಿಕ್ಕಿಕೊಂಡರೆ ಫಿಲ್ಮ್ ಗಟ್ಟಿಯಾಗೇ ಇರುತ್ತದೆ, ಮುರಿಯೋದು ಪ್ರೊಜೆಕ್ಟರಿನ ಭಾಗ.

ಪ್ರೊಜೆಕ್ಟರ್ ಯಾವುದು ಅಂತ ಎಲ್ಲರೂ ಕೇಳ್ತಾರೆ. ಕೈಯಲ್ಲೇ ಫಿಲ್ಮ್ ಏರಿಸುವಂಥದ್ದು ತಗೊಳ್ಳಿ, ತಾನೇ ಎಳೆದುಕೊಳ್ಳುವಂಥದ್ದು ಬೇಡ. ತಾನೇ ಎಳೆದುಕೊಳ್ಳುವ ಯಂತ್ರದಲ್ಲಿ ನಡುವೆ ಏನಾದರೂ ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋದು ಕಷ್ಟ. ಲ್ಯಾಂಪ್ ಈಗಲೂ ಸಿಗುವ ಮಾದರಿಯದ್ದಾಗಿರಲಿ, 24 ವೋಲ್ಟ್ 250 ವ್ಯಾಟ್ ಹ್ಯಾಲೊಜೆನ್ ಆದರೆ ಚಿಂತೆ ಕಡಿಮೆ. ಸದ್ದನ್ನು ಓದುವ ಎಕ್ಸೈಟರ್ ಲ್ಯಾಂಪ್ ಅಂತ ಒಂದು ಪುಟ್ಟ ಬಲ್ಬ್ ಬೇರೆ ಇರುತ್ತದೆ. ಅದು ಹೋದರೆ ಚಿತ್ರ ಚೆನ್ನಾಗಿ ಓಡುತ್ತಿರುತ್ತದೆ, ಮಾತು ಮಾತ್ರ ಇರಲ್ಲ. ಎರಡಕ್ಕೂ ಒಂದೊಂದು ಬದಲಿ ಬಲ್ಬ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಫಿಲ್ಮ್ ಲ್ಯಾಂಪಿನ ಮುಂದೆ ಹಾದುಹೋಗುವ ಜಾಗಕ್ಕೆ ಗೇಟ್ ಅಂತಾರೆ, ಅದನ್ನು ಸ್ವಚ್ಛ ಮಾಡೋಕೆ ಮರದ ಕಡ್ಡಿ, ಮೆತ್ತನೆ ಬ್ರಷ್. ಲೋಹದ ಚೂಪು ವಸ್ತು ಹತ್ತಿರ ಸುಳಿಯಬಾರದು, ಗೇಟಿನಲ್ಲಿ ಒಂದು ಗೀರು ಬಿದ್ದರೆ ಆಮೇಲೆ ಓಡುವ ಪ್ರತಿ ಪ್ರಿಂಟಿನ ಮೇಲೂ ಅದು ಬೀಳುತ್ತದೆ.

ಇನ್ನು ಸಿನಿಮಾ ರಾತ್ರಿ. ಪರದೆ ಎಷ್ಟು ದೊಡ್ಡದಿರಬೇಕು ಅನ್ನೋದನ್ನು ಲೆನ್ಸ್ ಹೇಳುತ್ತದೆ. 16 ಎಂಎಂ ಚೌಕಟ್ಟು ಸುಮಾರು 9.6 ಮಿಲಿಮೀಟರ್ ಅಗಲ. ಪರದೆಗಿರುವ ದೂರವನ್ನು 9.6ರಿಂದ ಗುಣಿಸಿ ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿದರೆ ಚಿತ್ರದ ಅಗಲ ಸಿಗುತ್ತದೆ. ಐದು ಮೀಟರ್ ದೂರದಿಂದ ಸಾಮಾನ್ಯ 50 ಎಂಎಂ ಲೆನ್ಸಿನಲ್ಲಿ ಒಂದು ಮೀಟರ್ ಕೂಡ ಬರಲ್ಲ, 25 ಎಂಎಂ ಹಾಕಿದರೆ 1.9 ಮೀಟರ್ ಬರುತ್ತದೆ. ಹಾಗಂತ ಗೋಡೆ ತುಂಬ ಬಿಡೋಕೆ ಹೋಗಬೇಡಿ. ಅಗಲ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮಂಕಾದ ದೊಡ್ಡ ಚಿತ್ರಕ್ಕಿಂತ ಹೊಳೆಯುವ ಚಿಕ್ಕ ಚಿತ್ರವೇ ಚೆಂದ.

ಸ್ಪೀಕರನ್ನು ಪರದೆಯ ಕೆಳಗೇ ಇಡಿ, ಉದ್ದ ವೈರ್ ಎಳೆದಾದರೂ ಸರಿ. ಪ್ರೊಜೆಕ್ಟರಿನ ಒಳಗಿನ ಸ್ಪೀಕರಿನಿಂದ ಬರುವ ಮಾತು ಯಂತ್ರದ ಕಟಕಟದಲ್ಲಿ ಮುಳುಗಿಹೋಗುತ್ತದೆ. ನನ್ನ ಪ್ರೊಜೆಕ್ಟರ್ ಪಕ್ಕದ ಕೋಣೆಯಲ್ಲಿದೆ, ಬಾಗಿಲ ಮೂಲಕ ಬೆಳಕು ಬಿಡ್ತೀನಿ, ಅರ್ಧ ಸದ್ದು ಅಲ್ಲೇ ಉಳಿಯುತ್ತದೆ. ಮೊದಲು 400 ಅಡಿಯ ಒಂದು ಕಿರುಚಿತ್ರ, ಅಂದರೆ 11 ನಿಮಿಷ. ತಡವಾಗಿ ಬರೋರು ಅಷ್ಟರಲ್ಲಿ ಬಂದು ಕೂರುತ್ತಾರೆ, ನಾನು ಫೋಕಸ್ಸು, ಸದ್ದು ಎಲ್ಲ ಸರಿ ಮಾಡಿಕೊಳ್ಳುತ್ತೇನೆ. ಒಂದೇ ಪ್ರೊಜೆಕ್ಟರ್ ಇರೋದರಿಂದ ರೀಲು ಮುಗಿದಾಗಲೆಲ್ಲ ಬಿಡುವು. ಅದನ್ನು ಜನ ಇಷ್ಟಪಡುತ್ತಾರೆ, ಮುಂದೇನಾಗುತ್ತೆ ಅಂತ ಜಗಳಾಡೋಕೆ ಸಮಯ ಸಿಗುತ್ತದಲ್ಲ.

ಅಣ್ಣನ ಮಗಳು ನನ್ನ ಸಹಾಯಕಿ. ಗೇಟಿನ ಮೇಲೆ ಕೆಳಗೆ ಫಿಲ್ಮ್ ಸಡಿಲವಾಗಿ ಬಾಗಿರಬೇಕು, ಅದಕ್ಕೆ ಲೂಪ್ ಅಂತಾರೆ. ಕೆಟ್ಟ ಜೋಡಣೆಯೊಂದು ಹಾದುಹೋದಾಗ ಕೆಳಗಿನ ಲೂಪ್ ಬಿಗಿದುಕೊಂಡರೆ ಚಿತ್ರ ಕುಣಿಯಲು ಶುರು ಮಾಡುತ್ತದೆ. "ಚಿಕ್ಕಪ್ಪ, ಲೂಪ್ ಹೋಯ್ತು!" ಅಂತ ಅವಳು ಕೂಗೋದು, ನಾನು ಮೋಟಾರ್ ನಿಲ್ಲಿಸೋದು, ಎರಡೂ ಒಟ್ಟಿಗೇ ಆಗುತ್ತವೆ. ಲೂಪಿನ ಅಳತೆ ತಪ್ಪಿದರೆ ತುಟಿಗೂ ಮಾತಿಗೂ ಹೊಂದಿಕೆ ಇರಲ್ಲ, ಯಾಕೆಂದರೆ 16 ಎಂಎಂನಲ್ಲಿ ಸದ್ದನ್ನು ಚಿತ್ರಕ್ಕಿಂತ 26 ಚೌಕಟ್ಟು ಮುಂದೆ ಅಚ್ಚು ಹಾಕಿರುತ್ತಾರೆ. ಅವಳು ಈಗ ಯಂತ್ರದ ಸದ್ದು ಕೇಳಿಯೇ ಗುರುತು ಹಿಡಿಯುತ್ತಾಳೆ.

ಕರೆಯೋದು ಗೆಳೆಯರು, ನೆಂಟರು, ಅಷ್ಟೇ. ಪ್ರಿಂಟ್ ನಮ್ಮದಾದರೂ ಸಿನಿಮಾದ ಹಕ್ಕು ನಮ್ಮದಲ್ಲ. ಟಿಕೆಟ್ ಇಟ್ಟು, ಊರೆಲ್ಲ ಕರೆದು ತೋರಿಸಬೇಕು ಅಂದರೆ ಹಕ್ಕು ಇರುವವರ ಅನುಮತಿ ಬೇಕು.

ಪ್ರದರ್ಶನ ಆದ ರಾತ್ರಿ ರಿವೈಂಡ್ ಮಾಡಲ್ಲ. ಮರುದಿನ ಹಗಲು ಬೆಳಕಿನಲ್ಲಿ ಕೈಯಿಂದ, ಸಮವಾಗಿ, ಜಾಸ್ತಿ ಬಿಗಿಯದೆ ಸುತ್ತಿ, ತುಕ್ಕು ಹಿಡಿಯದ ಪ್ಲಾಸ್ಟಿಕ್ ಡಬ್ಬದಲ್ಲಿ ಮಲಗಿಸಿಡುತ್ತೇನೆ. ಡಬ್ಬದ ಹೊರಗೆ ಒಂದು ಚೀಟಿ: ಎಷ್ಟು ಅಡಿ, ಎಷ್ಟು ಜೋಡಣೆ, ಬಣ್ಣ ಹೇಗಿದೆ, ಕೊನೆಯ ಸಲ ಯಾವಾಗ ಓಡಿತು, ಮೂಸಿದಾಗ ಏನನ್ನಿಸಿತು. ಬೇರೆಯವರ ಜೊತೆ ಪ್ರಿಂಟ್ ಬದಲಾಯಿಸಿಕೊಳ್ಳುವಾಗ ಚೀಟಿ ಸಮೇತ ಕೊಡುತ್ತೇನೆ. ಗುಲಾಬಿಯಾಗಿದ್ದರೆ ಗುಲಾಬಿ ಅಂತಲೇ ಬರೆದಿರುತ್ತೇನೆ, "ಸ್ವಲ್ಪ ಬೆಚ್ಚನೆಯ ಬಣ್ಣ" ಅಂತ ಬರೆದು ಮಾರುವವರನ್ನು ಕಂಡರೆ ನನಗಾಗಲ್ಲ.