ಹೊಳೆದಂಡೆಯ ಗ್ರಾಮ ಪಂಚಾಯಿತಿ ನೆರೆಗೆ ಸಜ್ಜಾಗುವ ಬಗೆ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳು 2009ರ ನೆರೆ ಕಂಡಿವೆ, 2019ರ ಆಗಸ್ಟ್ ಕಂಡಿವೆ. 2021ರ ಜುಲೈನಲ್ಲಿ ಹಲವು ಊರುಗಳಿಗೆ ಮತ್ತೆ ನೀರು ನುಗ್ಗಿತು. ಹಾಗಾಗಿ ಇಲ್ಲಿನ ಬಹುತೇಕ ಪಂಚಾಯಿತಿಗಳ ಕಪಾಟಿನಲ್ಲಿ 'ವಿಪತ್ತು ನಿರ್ವಹಣಾ ಯೋಜನೆ' ಎಂಬ ಕಡತ ಸಿಗುತ್ತದೆ. ಅದನ್ನು ತೆಗೆದು ಒಂದೇ ಪ್ರಶ್ನೆ ಕೇಳಿ ನೋಡಿ: ನೀರು ಯಾವ ಗುರುತು ಮುಟ್ಟಿದಾಗ, ಯಾವ ಓಣಿಯವರನ್ನು, ಯಾರು, ಯಾವ ಗಾಡಿಯಲ್ಲಿ, ಎಲ್ಲಿಗೆ ಕರೆದೊಯ್ಯಬೇಕು? ಇದಕ್ಕೆ ಹೆಸರು ಹಿಡಿದು ಉತ್ತರ ಕೊಡದ ಕಡತ ನೆರೆಯ ದಿನ ಯಾರಿಗೂ ನೆರವಾಗದು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆಗಳು ತಮ್ಮದೇ ಯೋಜನೆ ಬರೆದು, ಆಗಾಗ ಪರಿಷ್ಕರಿಸಿ, ಪ್ರತಿಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಡಬೇಕು. ಈ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಸಿಬ್ಬಂದಿಗೆ ತರಬೇತಿ ಕೊಡಿಸುವುದು, ಸಲಕರಣೆಗಳನ್ನು ಬಳಕೆಗೆ ಸಿದ್ಧವಾಗಿ ಇಡುವುದು ಪಂಚಾಯಿತಿಯ ಹೊಣೆ ಎಂದು 41ನೇ ಸೆಕ್ಷನ್ ಹೇಳುತ್ತದೆ. ಗೊಂದಲವಾಗುವುದು ಕಂದಾಯ ಇಲಾಖೆ ಮತ್ತು ಪಂಚಾಯಿತಿಯ ನಡುವೆ. ಕಾಳಜಿ ಕೇಂದ್ರ, ಅಂದರೆ ನೆರೆ ಸಂತ್ರಸ್ತರು ತಂಗುವ ತಾಣ ತೆರೆಯುವುದು ತಹಶೀಲ್ದಾರರು. ಅಲ್ಲಿ ನೀರು, ದೀಪ, ಶೌಚಾಲಯ, ಸ್ವಚ್ಛತೆ ನೋಡಿಕೊಳ್ಳುವವರು ಪಂಚಾಯಿತಿಯವರು. ಅಡುಗೆ ಸಿಲಿಂಡರ್ ಯಾರು ತರಬೇಕು, ಟ್ರ್ಯಾಕ್ಟರ್ ಬಾಡಿಗೆ ಯಾರು ಕೊಡಬೇಕು ಎನ್ನುವುದನ್ನು ಇಬ್ಬರೂ ಪರಸ್ಪರರ ಮೇಲೆ ಬಿಟ್ಟಿರುತ್ತಾರೆ. ಮೇ ತಿಂಗಳಲ್ಲೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಕಂದಾಯ ಇಲಾಖೆಯ ಗ್ರಾಮ ಆಡಳಿತ ಅಧಿಕಾರಿ ಕೂತು ಕೆಲಸ ಹಂಚಿಕೊಂಡು, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ.

ಮೊದಲು ಗುರುತು

ಹಳೆಯ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಊರಿನ ಹಿರಿಯರನ್ನು ಕರೆದುಕೊಂಡು ಓಣಿ ಓಣಿ ತಿರುಗಿ ಗುರುತಿಸಿ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರಿಂದ ಲೆವೆಲ್ ಹಿಡಿಸಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಮನೆಯ ಹೊಸ್ತಿಲನ್ನು ಸೊನ್ನೆ ಎಂದುಕೊಳ್ಳಿ. ಸೇತುವೆಯ ಕಂಬಕ್ಕೋ ದಂಡೆಯ ಗುಡಿಯ ಕಟ್ಟೆಗೋ ಆ ಸೊನ್ನೆಯ ಕೆಳಗೂ ಮೇಲೂ ಅರ್ಧರ್ಧ ಮೀಟರಿಗೆ ಆಯಿಲ್ ಪೇಂಟಿನಲ್ಲಿ ಗೆರೆ ಎಳೆಸಿ. ರಾತ್ರಿ ಟಾರ್ಚ್ ಬೆಳಕಿಗೆ ದೂರದಿಂದಲೇ ಓದುವಷ್ಟು ದೊಡ್ಡ ಅಂಕಿ ಇರಲಿ. ಪ್ರತಿ ಗೆರೆಯ ಎದುರು, ನೀರು ಅಲ್ಲಿಗೆ ಬಂದಾಗ ಏನೇನು ಮುಳುಗುತ್ತದೆ ಎಂದು ಬರೆಯಿರಿ: ಜಾಕ್‌ವೆಲ್ಲಿನ (ಹೊಳೆಯಿಂದ ಕುಡಿಯುವ ನೀರೆತ್ತುವ ಬಾವಿಯ) ಪ್ಯಾನೆಲ್ ಬೋರ್ಡ್, ಟ್ರಾನ್ಸ್‌ಫಾರ್ಮರ್, ಕೆಳಗಿನ ಓಣಿಯ ಮನೆಗಳು, ಅಂಗನವಾಡಿ.

ಇದನ್ನು ಬರೆಯುವಾಗ ಒಂದು ಸಂಗತಿ ತಪ್ಪದೆ ಎದ್ದು ಕಾಣುತ್ತದೆ. ಬಹಳ ಕಡೆ ಮನೆಗಿಂತ ಮೊದಲು ದಾರಿ ಮುಳುಗುತ್ತದೆ. ಹೊಳೆ ತುಂಬಿದಾಗ ಹಳ್ಳದ ನೀರು ಹೊಳೆಗೆ ಸೇರಲಾರದೆ ಹಿಂದಕ್ಕೆ ಏರಿ, ಊರಿನ ಬೆನ್ನಿಗಿರುವ ಸಿಡಿಯನ್ನು (ಹಳ್ಳದ ಕಿರುಸೇತುವೆಯನ್ನು) ಮುಚ್ಚುತ್ತದೆ. ಅಂಗಳ ಒಣಗಿರುವಾಗಲೇ ಊರು ನಡುಗಡ್ಡೆಯಾಗಿರುತ್ತದೆ. ಹಾಗಾಗಿ ಜನರನ್ನು ಕದಲಿಸುವ ನಿರ್ಧಾರಕ್ಕೆ ದಾರಿಯ ಅತಿ ತಗ್ಗಿನ ಜಾಗವೇ ಅಳತೆಗೋಲಾಗಬೇಕು.

'ಹೋದ ಸಲ ಡ್ಯಾಮಿನಿಂದ ಇಷ್ಟು ನೀರು ಬಿಟ್ಟಾಗ ಇಲ್ಲಿಗೆ ಬಂದಿರಲಿಲ್ಲ' ಎಂಬ ಮಾತನ್ನು ಪೂರ್ತಿ ನಂಬಬೇಡಿ. ಹೊಳೆಯ ಪಾತ್ರ ಹಾಗೆಯೇ ಉಳಿದಿರುವುದಿಲ್ಲ. ಮಲಪ್ರಭೆಯ ಪಾತ್ರದೊಳಗೆ ಕಬ್ಬು, ಜಾಲಿ ಹಬ್ಬಿ ಹೊಳೆ ಕಿರಿದಾದ ಕಡೆ, ಮುಂಚಿನಷ್ಟೇ ನೀರು ಈಗ ಹೆಚ್ಚು ಎತ್ತರಕ್ಕೆ ಏರುತ್ತದೆ.

ಗಂಟೆಯ ಲೆಕ್ಕ

ನೀರು ಎಲ್ಲಿಂದ ಬರುತ್ತದೆ ಎಂಬುದು ಒಂದೊಂದು ಊರಿಗೆ ಒಂದೊಂದು ಬಗೆ. ಚಿಕ್ಕೋಡಿ ಕಡೆಯವರು ಕೃಷ್ಣೆಗೆ ಮಹಾರಾಷ್ಟ್ರದಲ್ಲಿ ಕಟ್ಟಿರುವ ರಾಜಾಪುರ ಬ್ಯಾರೇಜಿನ ಹರಿವಿನ ಜತೆಗೆ ದೂಧಗಂಗಾ ನೀರನ್ನೂ ಕೂಡಿಸಿ ನೋಡಬೇಕು. ಗೋಕಾಕ, ಮೂಡಲಗಿ, ಮುಧೋಳ ಕಡೆ ಘಟಪ್ರಭೆಯ ಹಿಡಕಲ್ ಡ್ಯಾಮಿನ ಅಂಕಿಯೊಂದನ್ನೇ ನೆಚ್ಚಿದರೆ ಮೋಸ ಹೋಗುತ್ತೀರಿ. ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಡ್ಯಾಮಿನ ಕೆಳಗೆ ಬಂದು ಘಟಪ್ರಭೆಗೆ ಸೇರುತ್ತವೆ. ರಾಮದುರ್ಗ, ಬಾದಾಮಿ ಕಡೆ ಮಲಪ್ರಭೆಯ ನವಿಲುತೀರ್ಥ ಡ್ಯಾಮಿನ ಅಂಕಿ ಮುಖ್ಯ.

ಕಳೆದ ನೆರೆಗಳಲ್ಲಿ ಯಾವ ಗಂಟೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದರು ಎಂಬ ದಾಖಲೆಯನ್ನು ನೀರಾವರಿ ನಿಗಮದ ಕಚೇರಿಯಲ್ಲಿ ಬರೆದು ಕೇಳಿ ಪಡೆಯಿರಿ. ನಿಮ್ಮ ಗೆರೆಗೆ ನೀರು ಮುಟ್ಟಿದ ಗಂಟೆಯನ್ನು ಅದರ ಪಕ್ಕದಲ್ಲಿ ಬರೆದರೆ, ನಡುವಿನ ಅಂತರವೇ ನಿಮ್ಮ ಕೈಯಲ್ಲಿರುವ ಸಮಯ. ಪಕ್ಕದ ಊರಿನ ಲೆಕ್ಕ ನಿಮಗೆ ಹೊಂದುವುದಿಲ್ಲ.

ಇನ್ನು ನಿಮಗೆ ಬೇಕಾಗುವ ಸಮಯ. ತಗ್ಗಿನ ಓಣಿಗಳಲ್ಲಿ 600 ಜನ ಇದ್ದಾರೆ ಎಂದಿಟ್ಟುಕೊಳ್ಳಿ. 200 ಜನ ತಮ್ಮ ಬೈಕು, ಗಾಡಿಗಳಲ್ಲಿ ಹೋಗುತ್ತಾರೆ. ಉಳಿದ 400 ಜನರನ್ನು ಗಂಟುಮೂಟೆ ಸಹಿತ ಟ್ರೇಲರಿಗೆ 20ರಂತೆ ಸಾಗಿಸಲು 20 ಟ್ರಿಪ್ ಬೇಕು. ನಾಲ್ಕು ಟ್ರ್ಯಾಕ್ಟರ್ ಇದ್ದರೆ ಐದು ಸುತ್ತು. ಹತ್ತಿಸಿ, ಇಳಿಸಿ, ಮರಳಿ ಬರಲು ಒಂದೂಕಾಲು ಗಂಟೆ ಎಂದರೆ ಆರೂಕಾಲು ಗಂಟೆ ಆಯಿತು. ಮನವೊಲಿಸಲು, ಸಾಮಾನು ಕಟ್ಟಲು ಇನ್ನೆರಡು ಗಂಟೆ ಸೇರಿಸಿ. ನೀರು ಬರಲು 12 ಗಂಟೆ ಇದ್ದರೆ, ಸುದ್ದಿ ಬಂದ ಮೂರು ಗಂಟೆಯೊಳಗೆ ಟ್ರ್ಯಾಕ್ಟರ್ ಹೊರಟಿರಬೇಕು. ನೀರು ರಾತ್ರಿ ಬರುವ ಲಕ್ಷಣವಿದ್ದರೆ ಸಂಜೆ ಐದಕ್ಕೆ ಕೊನೆಯ ಟ್ರಿಪ್ ಮುಗಿಯುವಂತೆ ಹಿಂದಕ್ಕೆ ಎಣಿಸಿ. ರಸ್ತೆ ಮೇಲೆ ನೀರು ಹರಿಯಲು ಶುರುವಾದ ಮೇಲೆ ಜನ ತುಂಬಿದ ಟ್ರೇಲರನ್ನು ಇಳಿಸಲೇಬೇಡಿ. ಸೆಳವು ಮೊದಲು ಟ್ರೇಲರನ್ನು ಬದಿಗೆ ತಳ್ಳುತ್ತದೆ, ಅದು ಎಂಜಿನ್ನನ್ನೂ ಎಳೆದುಕೊಂಡು ಹೋಗುತ್ತದೆ. ಆ ಹಂತದಲ್ಲಿ ದೋಣಿ, ಅಗ್ನಿಶಾಮಕ ದಳ, ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ಮಾತ್ರ ದಾರಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ.

ಮನೆ ಪಟ್ಟಿಯಲ್ಲಿ ಆಧಾರ್ ಸಂಖ್ಯೆಗಿಂತ ಉಪಯೋಗಕ್ಕೆ ಬರುವುದು ಬೇರೆ ವಿವರ: ತುಂಬು ಬಸುರಿ, ಬಾಣಂತಿ, ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಒಂಟಿ ಮುದುಕರು, ಕಬ್ಬಿನ ಗದ್ದೆಯ ಗುಡಿಸಲಲ್ಲಿರುವ ಕೂಲಿಯವರು, ತೋಟದ ಮನೆಯವರು. ಕೊನೆಯ ಎರಡು ಗುಂಪು ಪಟ್ಟಿಯಿಂದ ಹೊರಗೇ ಉಳಿಯುವುದು ಹೆಚ್ಚು. ಆಶಾ ಕಾರ್ಯಕರ್ತೆಯರ ದಾಖಲೆಯೊಂದಿಗೆ ತಾಳೆ ನೋಡಿ. ಇವರನ್ನು ಮೊದಲ ಎಚ್ಚರಿಕೆಗೇ ಕಳಿಸಬೇಕು.

ಡಂಗುರ ಸಾರುವಾಗ 'ನದಿ ದಂಡೆಯವರು ಎಚ್ಚರಿಕೆಯಿಂದಿರಿ' ಎಂದರೆ ಯಾರೂ ಕದಲುವುದಿಲ್ಲ. 'ಕೆಳಗಿನ ಓಣಿಯವರು ಮಧ್ಯಾಹ್ನ ಎರಡು ಗಂಟೆಯೊಳಗೆ ಹೈಸ್ಕೂಲಿಗೆ ಬರ್ರಿ. ಟ್ರ್ಯಾಕ್ಟರ್ ಹನುಮಪ್ಪನ ಗುಡಿ ಮುಂದ ನಿಂತಾವ. ದನಗಳಿಗೆ ಮಾಳದಾಗ ಮೇವು ಇಟ್ಟೇವಿ' ಎಂದು ಓಣಿ, ಹೊತ್ತು, ಜಾಗ ಮೂರನ್ನೂ ಹೇಳಿ. ಕಸದ ಸ್ವಚ್ಛವಾಹಿನಿಯ ಮೈಕು, ಗುಡಿ ಮತ್ತು ಮಸೀದಿಯ ಮೈಕು, ಕೊನೆಗೆ ಡಂಗುರ; ಮೂರೂ ಬೇಕು. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದ ಮೇಲೆ ವಾಟ್ಸ್‌ಆ್ಯಪ್ ಗುಂಪಿನಿಂದ ಏನೂ ಆಗುವುದಿಲ್ಲ.

ಕಾಳಜಿ ಕೇಂದ್ರ

'ಶಾಲೆಯಲ್ಲಿ 600 ಜನರಿಗೆ ವ್ಯವಸ್ಥೆ' ಎಂದು ಸಲೀಸಾಗಿ ಬರೆದುಬಿಡುತ್ತಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡದಂತೆ ಒಬ್ಬರಿಗೆ 3.5 ಚದರ ಮೀಟರ್ ಸೂರು ಬೇಕು. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ತರಗತಿ ಕೋಣೆಯಲ್ಲಿ 13 ಜನರಿಗೆ ಜಾಗ. ಹತ್ತು ಕೋಣೆಯ ಶಾಲೆಯಲ್ಲಿ 130. ಉಳಿದವರಿಗೆ ಕಲ್ಯಾಣ ಮಂಟಪ, ಸಮುದಾಯ ಭವನ, ಮಠ, ಎಪಿಎಂಸಿ ಗೋದಾಮು ಯಾವುದು ಎಂದು ಈಗಲೇ ಗೊತ್ತುಮಾಡಿ, ಕೀಲಿ ಯಾರ ಬಳಿ ಇರುತ್ತದೆ ಎಂದು ಎರಡು ಹೆಸರು ಬರೆದಿಡಿ.

30 ಜನರಿಗೆ ಒಂದು ಶೌಚಾಲಯ, ಅದೂ 50 ಮೀಟರ್ ಒಳಗೆ. 600 ಜನರಿಗೆ 20 ಆಯಿತು. ಹೆಂಗಸರದ್ದು ಬೇರೆಯಾಗಿರಲಿ, ಒಳಗಿನಿಂದ ಚಿಲಕ ಬೀಳಲಿ, ದಾರಿಗೆ ದೀಪವಿರಲಿ. ಇವು ಇಲ್ಲದ ಕೇಂದ್ರದಲ್ಲಿ ಹೆಂಗಸರು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ; ಕೆಲವರು ಮುಳುಗುವ ಮನೆಯ ಮಾಳಿಗೆಯೇ ವಾಸಿ ಎಂದು ಹಿಂದಿರುಗುತ್ತಾರೆ. ಕುಡಿಯಲು ತಲೆಗೆ ಮೂರು ಲೀಟರ್, ಬಳಕೆಯೂ ಸೇರಿ ಕನಿಷ್ಠ 15 ಲೀಟರ್ ಎಂದರೆ ದಿನಕ್ಕೆ 9,000 ಲೀಟರ್. 5,000 ಲೀಟರ್ ಟ್ಯಾಂಕರ್ ದಿನಕ್ಕೆ ಎರಡು ಸಲ ಬರಬೇಕು, ಅದನ್ನು ತುಂಬುವ ಬೋರ್‌ವೆಲ್ ನೆರೆ ಮುಟ್ಟದ ಜಾಗದಲ್ಲಿರಬೇಕು. ಅಡುಗೆಗೆ ಬಿಸಿಯೂಟದ ಸಿಬ್ಬಂದಿ, ಪಾತ್ರೆ ಸಿಗುತ್ತವೆ. ಆದರೆ ಬಿಸಿಯೂಟದ ಅಕ್ಕಿ, ಬೇಳೆ ಮಕ್ಕಳ ಲೆಕ್ಕಕ್ಕೆ ಬಂದದ್ದು. ಬೇರೆ ದಾಸ್ತಾನು ಮಾಡಿ, ಬೇರೆಯಾಗಿ ಲೆಕ್ಕ ಇಡಿ.

ದನಕರು

ಜನ ಮನೆ ಬಿಡದಿರಲು ಎಲ್ಲಕ್ಕಿಂತ ದೊಡ್ಡ ಕಾರಣ ಕೊಟ್ಟಿಗೆಯಲ್ಲಿ ನಿಂತ ದನ. ಅದನ್ನು ಬಿಟ್ಟು ಬನ್ನಿ ಎನ್ನುವುದು ನ್ಯಾಯವೂ ಅಲ್ಲ, ಯಾರೂ ಕೇಳುವುದೂ ಇಲ್ಲ. ಜನರಿಗಿಂತ ಒಂದು ಹಂತ ಮೊದಲೇ ದನಗಳನ್ನು ಎತ್ತರದ ಮಾಳಕ್ಕೆ ನಡೆಸಿಕೊಂಡು ಹೋಗಿ. ದೊಡ್ಡ ದನಕ್ಕೆ ದಿನಕ್ಕೆ ಐದಾರು ಕಿಲೋ ಒಣಮೇವು, 40 ಲೀಟರಿನಷ್ಟು ನೀರು ಹಿಡಿದರೆ, 250 ದನಗಳಿಗೆ ದಿನಕ್ಕೆ ಒಂದೂವರೆ ಟನ್ ಮೇವು, 10,000 ಲೀಟರ್ ನೀರು. ತಗ್ಗಿನ ಬಣವೆಗಳ ಕಣಿಕೆಯನ್ನು ಜೂನ್‌ಗೆ ಮೊದಲೇ ಎತ್ತರಕ್ಕೆ ಸಾಗಿಸಲು ರೈತರಿಗೆ ಹೇಳಿ. ನೆನೆದ ಮೇವಿಗೆ ಬೂಸು ಹಿಡಿಯುತ್ತದೆ. ಗಳಲೆ ಬೇನೆ, ಚಪ್ಪೆ ಬೇನೆಯ ಲಸಿಕೆ ಮಳೆಗಾಲಕ್ಕೆ ಮುಂಚೆ ಮುಗಿದಿರಬೇಕು; ಕೆಸರಲ್ಲಿ ಒತ್ತಾಗಿ ನಿಂತ ದನಗಳಲ್ಲಿ ರೋಗ ಬೇಗ ಹರಡುತ್ತದೆ. ಹೊರಡಲು ಹೊತ್ತೇ ಇಲ್ಲದಿದ್ದರೆ ಕಣ್ಣಿ ಬಿಚ್ಚಿ ಬಿಡಿ. ಬಿಚ್ಚಿದ ದನ ಈಸಿ ದಡ ಸೇರಬಹುದು. ಕಟ್ಟಿದ ದನಕ್ಕೆ ಆ ಅವಕಾಶವೂ ಇಲ್ಲ.

ಕುಡಿಯುವ ನೀರು

ಸುತ್ತ ನೀರಿದ್ದರೂ ಮೊದಲು ನಿಲ್ಲುವುದು ನಲ್ಲಿ. ಜಾಕ್‌ವೆಲ್ಲಿನ ಮೋಟಾರು, ಪ್ಯಾನೆಲ್ ಬಿಚ್ಚಿ ಮೇಲೆ ತರಲು ನೀರಗಂಟಿಗೆ ಒಂದು ಗೆರೆ ಗೊತ್ತುಮಾಡಿ, ಸ್ಪ್ಯಾನರ್, ಚೈನ್ ಪುಲ್ಲಿ ಅಲ್ಲೇ ಇಡಿ. ವಿದ್ಯುತ್ ಕಂಪನಿ ಹೆಸ್ಕಾಂನ ಲೈನ್‌ಮನ್ ಆ ಟ್ರಾನ್ಸ್‌ಫಾರ್ಮರ್ ಬಂದ್ ಮಾಡಿದ್ದು ಖಾತ್ರಿಯಾಗದೆ ಯಾರೂ ಮೋಟಾರಿಗೆ ಕೈ ಹಚ್ಚಬಾರದು. ಬಿಚ್ಚುವ ಮೊದಲು ಮೇಲ್ತೊಟ್ಟಿಯನ್ನು ತುಂಬಿಸಿಕೊಳ್ಳಿ.

ಬ್ಲೀಚಿಂಗ್ ಪುಡಿ ಸಾಮಾನ್ಯವಾಗಿ 1,000 ಲೀಟರಿಗೆ 2.5 ಗ್ರಾಂ. ನೆರೆಯ ನಂತರ ಇಮ್ಮಡಿಯಿಂದ ಶುರುಮಾಡಿ: 50,000 ಲೀಟರ್ ತೊಟ್ಟಿಗೆ 250 ಗ್ರಾಂ. ಬಾವಿಯಾದರೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ (ಅಳತೆ ಮೀಟರಿನಲ್ಲಿರಲಿ). ಮೂರು ಮೀಟರ್ ವ್ಯಾಸ, ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅಂದರೆ 140 ಗ್ರಾಂ. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಒಂದು ಗಂಟೆ ಬಿಟ್ಟು, ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನೋಡಿ. ಊರಿನ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿಯದಿದ್ದರೆ ಎರಡು ಕಾರಣ: ನೀರು ಕಲಕಾಗಿದೆ, ರಾಡಿಯೇ ಕ್ಲೋರಿನ್ ತಿಂದಿದೆ; ಇಲ್ಲವೇ ಪುಡಿ ಹಳತಾಗಿದೆ. ಬಾಯಿ ತೆರೆದ ಚೀಲ ಕಚೇರಿಯ ಮೂಲೆಯಲ್ಲಿ ವರ್ಷ ಕಳೆದಿದ್ದರೆ ಅದರಲ್ಲಿ ಹೆಚ್ಚಾಗಿ ಸುಣ್ಣವಷ್ಟೇ ಉಳಿದಿರುತ್ತದೆ.

ಸಾಮಾನು ಮತ್ತು ತಾಲೀಮು

ಟ್ರ್ಯಾಕ್ಟರ್, ಜೆಸಿಬಿ, ಜನರೇಟರ್, ಟ್ಯಾಂಕರ್, ಶಾಮಿಯಾನದವರಿಂದ ಮೇ ತಿಂಗಳಲ್ಲೇ ದರ ಬರೆಸಿಕೊಂಡು ಸಭೆಯಲ್ಲಿ ಠರಾವು ಮಾಡಿ. ನೆರೆಯ ದಿನ ಕೇಳುವ ದರವೇ ಬೇರೆ; ಆಮೇಲೆ ಆಡಿಟ್‌ನಲ್ಲಿ ಉತ್ತರ ಕೊಡುವವರು ಪಿಡಿಒ. ಜನರೇಟರನ್ನು ತಿಂಗಳಿಗೊಮ್ಮೆ ಅರ್ಧ ಗಂಟೆ ಲೋಡ್ ಹಾಕಿ ಓಡಿಸಿ. ಬೇಕಾದ ದಿನ ಅದು ಶುರುವಾಗದಿರಲು ಕಾರಣ ಹೆಚ್ಚಾಗಿ ಬ್ಯಾಟರಿ.

ಜೂನ್ ಮೊದಲ ವಾರ ಒಂದು ಓಣಿಯನ್ನಾದರೂ ನಿಜವಾಗಿ ಎಬ್ಬಿಸಿ, ಟ್ರ್ಯಾಕ್ಟರ್ ಹತ್ತಿಸಿ, ಗಡಿಯಾರ ಹಿಡಿದು ನೋಡಿ. ಪಟ್ಟಿಯಲ್ಲಿರುವ ಪ್ರತಿ ಫೋನ್ ನಂಬರಿಗೂ ಅಂದು ಕರೆ ಮಾಡಿ. ವರ್ಗವಾಗಿ ಹೋದವರ ನಂಬರುಗಳು ಆಗ ಬಯಲಾಗುತ್ತವೆ.

ನೀರು ಇಳಿದ ಮೇಲೆ

ಮನೆಗೆ ಹೋಗಲು ಜನ ಅವಸರ ಮಾಡುತ್ತಾರೆ. ಆದರೆ ಮಣ್ಣಿನ ಗೋಡೆ, ಮೇಲ್ಮುದ್ದೆ (ಮಣ್ಣಿನ ಮಾಳಿಗೆ) ಮನೆಗಳು ಬೀಳುವುದು ನೀರು ಇಳಿದ ಮೇಲೆಯೇ ಹೆಚ್ಚು. ನೆನೆದ ಗೋಡೆ ತನ್ನ ಮೇಲಿನ ಭಾರ ತಾಳದು. ಎಂಜಿನಿಯರ್ ನೋಡಿ ಸುಣ್ಣದಲ್ಲಿ ಗುರುತು ಹಾಕಿದ ಮನೆಗೆ ಮಾತ್ರ ಬಿಡಿ. ಪ್ರತಿ ಮನೆಯ ವೈರಿಂಗ್ ನೋಡಿಸದೆ ಕರೆಂಟ್ ಕೊಡಿಸಬೇಡಿ. ಕಟ್ಟಿಗೆ ರಾಶಿ, ಒಲೆ, ಮಾಡಗಳಲ್ಲಿ ಹಾವು ಸೇರಿರುತ್ತವೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷಕ್ಕೆ ಮದ್ದು ಇದೆಯೇ ಎಂದು ಮೊದಲೇ ಕೇಳಿರಬೇಕು. ರಾಡಿ ಬಳಿಯುವವರಿಗೆ ಗಂಬೂಟು, ಕೈಗವಸು ಕೊಡಿ. ಕಾಲಲ್ಲಿ ಗಾಯವಿದ್ದವರಿಗೆ ಇಲಿ ಜ್ವರದ ಅಪಾಯ ಹೆಚ್ಚು.

ಹಾನಿಯ ಸಮೀಕ್ಷೆಗೆ ಗ್ರಾಮ ಆಡಳಿತ ಅಧಿಕಾರಿ, ಎಂಜಿನಿಯರ್, ಪಿಡಿಒ ಒಟ್ಟಿಗೇ ಹೋಗಲಿ. ಬೇರೆ ಬೇರೆ ಹೋದರೆ ಮೂರು ಪಟ್ಟಿ ಹುಟ್ಟುತ್ತವೆ, ತಾಳೆಯಾಗದೆ ಪರಿಹಾರ ನಿಲ್ಲುತ್ತದೆ. ಒಂದೇ ಮನೆ ನಂಬರಿನಲ್ಲಿ ಬೇರೆ ಒಲೆ ಹೂಡಿರುವ ಅಣ್ಣತಮ್ಮಂದಿರು, ಬಾಡಿಗೆದಾರರು, ಉತಾರ (ಮನೆಯ ಹಕ್ಕಿನ ದಾಖಲೆ) ತೀರಿಹೋದವರ ಹೆಸರಿನಲ್ಲೇ ಇರುವ ಮನೆಯವರು, ಈ ಮೂರು ತರಹದವರೇ ಹೆಚ್ಚಾಗಿ ಬಿಟ್ಟುಹೋಗುವುದು. ಅವರ ವಿವರಕ್ಕೆ ಬೇರೆ ಕಾಲಂ ಹಾಕಿ. ಕೆಸರು ಬಳಿಯುವ ಮೊದಲೇ ಫೋಟೊ ತೆಗೆದಿರಬೇಕು. ಪಟ್ಟಿಯನ್ನು ಮೇಲಕ್ಕೆ ಕಳಿಸುವ ಮುನ್ನ ಪಂಚಾಯಿತಿ ಫಲಕದಲ್ಲೂ ಕಾಳಜಿ ಕೇಂದ್ರದಲ್ಲೂ ಅಂಟಿಸಿ, ಓದಲು ಬಾರದವರಿಗೆ ಮೈಕಿನಲ್ಲಿ ಓದಿ ಹೇಳಿ, ತಕರಾರುಗಳನ್ನು ಬರಹದಲ್ಲಿ ಪಡೆದು ಸ್ವೀಕೃತಿ ಕೊಡಿ.